ಬೆಳಕಿನ ಕಾವಲುಗಾರ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮಳೆಗಾಲವನ್ನು ಕಂಡವರಿಗೆ ಕತ್ತಲೆಯನ್ನು ಬೇರೆಯಾಗಿ ಪರಿಚಯಿಸಬೇಕಾಗಿಲ್ಲ. ಸಿದ್ದಾಪುರದ ನೆರೆಯ ಜೋಗದಲ್ಲಿ 1948ರಲ್ಲಿಯೇ ಜಲವಿದ್ಯುದಾಗಾರವು ಕಾರ್ಯಾರಂಭ ಮಾಡಿತು. ಯಲ್ಲಾಪುರದ ಸೀಮೆಯಲ್ಲಿ ಕಾಳಿ ನದಿಗೆ ಕೊಡಸಳ್ಳಿಯ ಅಣೆಕಟ್ಟಿದೆ. ಆದರೂ ಆಷಾಢದ ಗಾಳಿಗೆ ಮರವೊಂದು ತಂತಿಯ ಮೇಲೆ ಉರುಳಿತೆಂದರೆ, ಅಡಕೆ ತೋಟಗಳ ನಡುವಿನ ಒಂಟಿ ಮನೆಗಳು ದಿನಗಟ್ಟಲೆ ಕತ್ತಲಲ್ಲಿ ಮುಳುಗುವುದುಂಟು. ಆದುದರಿಂದಲೇ ಇಲ್ಲಿನ ಅನೇಕ ಮನೆಗಳ ಮಾಡಿನ ಮೇಲೆ ಸೌರಫಲಕಗಳೂ, ಒಳಗೆ ಬ್ಯಾಟರಿಗಳೂ ಸ್ಥಾನ ಪಡೆದಿವೆ.

ಫಲಕವನ್ನೂ ಬ್ಯಾಟರಿಯನ್ನೂ ಕೊಳ್ಳುವಾಗ ನಾವು ಹತ್ತು ಕಡೆ ವಿಚಾರಿಸುತ್ತೇವೆ. ಅವೆರಡರ ನಡುವೆ ಕುಳಿತುಕೊಳ್ಳುವ ಸರ್ಕ್ಯೂಟ್ ಬ್ರೇಕರಿನ ವಿಷಯದಲ್ಲಿ ಮಾತ್ರ ಅಂಗಡಿಯಲ್ಲಿ ಕೊಟ್ಟುದನ್ನು ತಂದುಬಿಡುತ್ತೇವೆ. 12 ವೋಲ್ಟಿನ ಬ್ಯಾಟರಿಯನ್ನು ಮುಟ್ಟಿದರೆ ಆಘಾತವಾಗದು. ಅದರಿಂದ ಅಪಾಯವೇನು ಎಂದು ಕೇಳುವವರಿದ್ದಾರೆ. ಆದರೆ ಅದರ ಎರಡು ತಂತಿಗಳು ಒಂದಕ್ಕೊಂದು ತಗುಲಿದಾಗ ಸಾವಿರ ಆಂಪಿಯರನ್ನೂ ಮೀರಿದ ಪ್ರವಾಹವು ನುಗ್ಗಬಲ್ಲದು. ಕ್ಷಣಮಾತ್ರದಲ್ಲಿ ತಂತಿ ಕೆಂಪಾಗುತ್ತದೆ, ಹೊದಿಕೆ ಉರಿಯುತ್ತದೆ. ಮರದ ತೊಲೆಗಳುಳ್ಳ, ಅಟ್ಟದಲ್ಲಿ ಒಣ ಸಾಮಗ್ರಿ ತುಂಬಿರುವ ಮನೆಗೆ ಅಷ್ಟು ಕಿಡಿ ಸಾಕು. ತಂತಿ ಕಾಯುವ ಮೊದಲೇ ಪ್ರವಾಹವನ್ನು ಕಡಿಯುವುದು ಬ್ರೇಕರಿನ ಧರ್ಮ.

ಬ್ರೇಕರನ್ನು ಆರಿಸುವಾಗ ಮೊದಲು ನೋಡಬೇಕಾದುದು ವಿದ್ಯುತ್ತಿನ ಜಾತಿ. ಕಂಬದಿಂದ ಮನೆಗೆ ಬರುವ ವಿದ್ಯುತ್ತು ಎ.ಸಿ.; ಅದು ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತ 100 ಸಲ ಸೊನ್ನೆಗೆ ಇಳಿಯುತ್ತದೆ. ಬ್ಯಾಟರಿಯ ವಿದ್ಯುತ್ತು ಡಿ.ಸಿ.; ಅದಕ್ಕೆ ಅಂಥ ವಿರಾಮವಿಲ್ಲ. ತೂಗುವ ಉಯ್ಯಾಲೆಯು ತುದಿಯಲ್ಲಿ ಅರೆಕ್ಷಣ ನಿಂತಾಗ ಹಿಡಿಯುವುದು ಸುಲಭ. ಮಳೆಗಾಲದ ಹೊಳೆಯನ್ನು ತಡೆಯುವುದು ಕಷ್ಟ. ಬ್ರೇಕರಿನೊಳಗಿನ ಲೋಹದ ತುದಿಗಳು ದೂರ ಸರಿದಾಗ ಅವುಗಳ ನಡುವೆ ಬೆಂಕಿಯ ಸೇತುವೆಯಂತೆ ಕಿಡಿಯು ಹೊತ್ತುತ್ತದೆ. ಎ.ಸಿ.ಯಲ್ಲಿ ಅದು ಪ್ರವಾಹ ಸೊನ್ನೆಯಾದಾಗ ಆರಿಹೋಗುತ್ತದೆ; ಡಿ.ಸಿ.ಯಲ್ಲಿ ಉರಿಯುತ್ತಲೇ ಉಳಿಯಬಹುದು. ಆದಕಾರಣ ಕಿಡಿಯನ್ನು ಎಳೆದು, ಸೀಳಿ, ಆರಿಸುವ ವ್ಯವಸ್ಥೆಯುಳ್ಳ ಡಿ.ಸಿ. ಬ್ರೇಕರೇ ಇಲ್ಲಿ ಬೇಕು. ಅದರ ಮೈಮೇಲೆ ಡಿ.ಸಿ. ವೋಲ್ಟೇಜು ಸ್ಪಷ್ಟವಾಗಿ ಅಚ್ಚಾಗಿರಬೇಕು. ಫಲಕಗಳ ಕಡೆಗೆ ಹಾಕುವ ಬ್ರೇಕರಾದರೆ, ಸಾಲಾಗಿ ಜೋಡಿಸಿದ ಫಲಕಗಳ ಒಟ್ಟು ವೋಲ್ಟೇಜನ್ನೂ ತಾಳುವಂತಿರಬೇಕು.

ಎರಡನೆಯದು ಆಂಪಿಯರಿನ ಲೆಕ್ಕ. ಒಂದು ಮನೆಯ ದೀಪ, ಫ್ಯಾನು, ಮಿಕ್ಸಿಗಳಿಗೆ ಒಟ್ಟು 600 ವ್ಯಾಟ್ ಬೇಕೆಂದು ಇಟ್ಟುಕೊಳ್ಳೋಣ. ಅದನ್ನು 12ರಿಂದ ಭಾಗಿಸಿದರೆ 50 ಆಂಪಿಯರ್. ಇನ್ವರ್ಟರಿನಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಸುಮಾರು 60. ಸತತವಾಗಿ ಹರಿಯುವ ಪ್ರವಾಹಕ್ಕೆ ಕಾಲುಭಾಗ ಹೆಚ್ಚು ಹಿಡಿದರೆ 75. ಅಂಗಡಿಯಲ್ಲಿ ಅದಕ್ಕೆ ಮೇಲಿನ ಅಳತೆ 80. ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ತಂತಿಯು 80 ಆಂಪಿಯರಿಗಿಂತ ಹೆಚ್ಚನ್ನು ಹೊರಬಲ್ಲುದಾಗಿರಬೇಕು. ಹೊರೆಗಿಂತ ಬ್ರೇಕರು ದೊಡ್ಡದು, ಬ್ರೇಕರಿಗಿಂತ ತಂತಿಯು ಬಲವಾದುದು: ಈ ಕ್ರಮ ಎಂದಿಗೂ ತಪ್ಪಬಾರದು. ಅದೇ ಹೊರೆಗೆ 24 ವೋಲ್ಟಿನ ವ್ಯವಸ್ಥೆಯಾದರೆ ಪ್ರವಾಹ ಅರ್ಧಕ್ಕಿಳಿಯುತ್ತದೆ. 40 ಆಂಪಿಯರಿನ ಬ್ರೇಕರು ಸಾಕಾಗುತ್ತದೆ.

ಮೂರನೆಯದು ಕಡಿಯುವ ಶಕ್ತಿ. ಶಾರ್ಟ್ ಆದಾಗ ನುಗ್ಗುವ ಮಹಾಪ್ರವಾಹವನ್ನು ತಾನು ಸಿಡಿಯದೆ ಎಷ್ಟರವರೆಗೆ ಕಡಿಯಬಲ್ಲುದೆಂಬುದನ್ನು ಬ್ರೇಕರಿನ ಮೇಲೆ ಕಿಲೋ ಆಂಪಿಯರಿನಲ್ಲಿ ಬರೆದಿರುತ್ತಾರೆ. ಬ್ಯಾಟರಿಯಿಂದ ಬರಬಹುದಾದ ಪ್ರವಾಹಕ್ಕಿಂತ ಆ ಅಂಕೆ ದೊಡ್ಡದಾಗಿರಬೇಕು. ಕೆಲವು ಡಿ.ಸಿ. ಬ್ರೇಕರುಗಳಿಗೆ ಧನ, ಋಣ ಎಂಬ ಗುರುತುಗಳಿರುತ್ತವೆ; ಅವನ್ನು ತಿರುವುಮುರುವು ಜೋಡಿಸಿದರೆ ಕಿಡಿಯನ್ನು ಆರಿಸುವ ವ್ಯವಸ್ಥೆಯೇ ವ್ಯರ್ಥವಾದೀತು. ಬ್ರೇಕರನ್ನು ಬ್ಯಾಟರಿಯ ಧನ ತುದಿಗೆ ಆದಷ್ಟು ಹತ್ತಿರದಲ್ಲಿಡಬೇಕು. ಏಕೆಂದರೆ ಅವೆರಡರ ನಡುವಿನ ತಂತಿಗೆ ಅದರ ರಕ್ಷಣೆಯಿಲ್ಲ. ಹಾಗೆಂದು ಆಸಿಡ್ ಬ್ಯಾಟರಿಯೊಡನೆ ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿಡಬಾರದು. ಚಾರ್ಜ್ ಆಗುವಾಗ ಅಂಥ ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಕಿಡಿ ತಗುಲಿದರೆ ಸ್ಫೋಟವಾಗಬಹುದು.

ಇಷ್ಟೆಲ್ಲ ಅರಿತ ಮೇಲೂ ಒಂದು ಪ್ರಲೋಭನೆ ನಮ್ಮನ್ನು ಕಾಡುತ್ತದೆ. ಮನೆಯಲ್ಲಿ ನೆಂಟರು ತುಂಬಿರುವ ರಾತ್ರಿ ಬ್ರೇಕರು ಮೇಲಿಂದ ಮೇಲೆ ಬೀಳುತ್ತದೆ. 'ಇದು ಸಣ್ಣದಾಯಿತು, ದೊಡ್ಡದನ್ನು ಹಾಕಿಬಿಡಿ' ಎನ್ನುತ್ತಾರೆ ಹಿರಿಯರು. ದೊಡ್ಡದನ್ನು ಹಾಕಿದರೆ ದೀಪವೇನೋ ಉರಿಯುತ್ತದೆ. ಅದರೊಂದಿಗೆ ತಂತಿಯೂ ಒಳಗೊಳಗೇ ಕಾಯತೊಡಗುತ್ತದೆ. ಬೊಗಳಿತೆಂದು ನಾಯಿಯನ್ನು ಕಟ್ಟಿಹಾಕಿ ಮಲಗುವ ಯಜಮಾನನ ಬುದ್ಧಿ ಇದು. ಬ್ರೇಕರು ಬಿದ್ದಾಗ ಹೊರೆ ಹೆಚ್ಚಿತೇ, ತಂತಿ ಸವೆದಿದೆಯೇ, ತಿರುಪು ಸಡಿಲವಾಗಿದೆಯೇ ಎಂದು ಬಲ್ಲವರಿಂದ ಪರೀಕ್ಷಿಸಬೇಕು. ಕಾರಣ ತಿಳಿಯುವವರೆಗೆ ಆ ಒಂದು ರಾತ್ರಿಯನ್ನು ಎಣ್ಣೆಯ ದೀಪದಲ್ಲಿ ಕಳೆದರೂ ನಷ್ಟವಿಲ್ಲ. ಕತ್ತಲೆಯು ಬೆಳಗಿನವರೆಗೆ ಮಾತ್ರ ಇರುತ್ತದೆ. ಸುಟ್ಟ ಮನೆಯನ್ನು ಮತ್ತೆ ಕಟ್ಟಲು ಒಂದು ಜೀವಮಾನವೇ ಬೇಕಾದೀತು.