ಸಮುದ್ರ ಕುದುರೆ: ಹೊಸಬರು ಮನೆಯಲ್ಲಿ ಸಾಕಬಹುದಾ?

ಅಮೆರಿಕದ ಡಲ್ಲಾಸ್‌ನಲ್ಲಿರೋ ನಮ್ಮ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಹೆಸರು ಹೇಳೋದು ಬೇಡ ಅಂದಿದ್ದಾರೆ, ಹಾಗಾಗಿ ಅಕ್ಕ ಅಂತಲೇ ಕರೀತೀನಿ. ಅವರ ಹತ್ತು ವರ್ಷದ ಮಗಳು ಅಕ್ವೇರಿಯಂ ನೋಡಿ ಬಂದಾಗಿನಿಂದ, ಹುಟ್ಟುಹಬ್ಬಕ್ಕೆ ಸಮುದ್ರ ಕುದುರೆಯೇ ಬೇಕು ಅಂತ ಹಟ ಹಿಡಿದಿದ್ದಾಳಂತೆ. ಮನೇಲಿ ಇದುವರೆಗೆ ಒಂದು ಮೀನೂ ಸಾಕಿಲ್ಲ. ಹುಟ್ಟುಹಬ್ಬಕ್ಕೆ ಇನ್ನು ಮೂರೇ ವಾರ. "ತಂದುಕೊಡ್ಲಾ, ಬೇಡ್ವಾ?" ಅಂತ ಕೇಳಿದ್ದಾರೆ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಈಗ ಬೇಡ ಅಕ್ಕ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಹೆಸರಲ್ಲಿ ಕುದುರೆ ಇದ್ದರೂ ಇದು ಮೀನೇ. ಆದ್ರೆ ಇದಕ್ಕೆ ಹಲ್ಲಿಲ್ಲ, ಜಠರವೂ ಇಲ್ಲ. ಕೊಳವೆಯಂಥ ಮೂತಿಯಿಂದ ಆಹಾರವನ್ನ ಹೀರಿಕೊಳ್ಳುತ್ತೆ, ತಿಂದದ್ದು ಬೇಗನೆ ಕರುಳು ದಾಟಿ ಹೊರಗೆ ಹೋಗುತ್ತೆ. ಒಂದು ಸಲ ಹೊಟ್ಟೆತುಂಬ ತಿಂದು ದಿನವಿಡೀ ಇರೋಕೆ ಅದಕ್ಕೆ ಆಗೋದೇ ಇಲ್ಲ. ದೊಡ್ಡ ಕುದುರೆಗೂ ದಿನಕ್ಕೆ ಎರಡು ಮೂರು ಬಾರಿ ಕೊಡಬೇಕು. ಅದೂ ಡಬ್ಬಿಯಲ್ಲಿ ಬರೋ ಒಣ ಕಾಳಲ್ಲ, ಮೈಸಿಸ್ ಅನ್ನೋ ಪುಟ್ಟ ಸೀಗಡಿ. ಫ್ರೀಜರ್‌ನಿಂದ ತೆಗೆದು, ಕರಗಿಸಿ, ತೊಳೆದು ಹಾಕಬೇಕು. ತಿನ್ನದೆ ಉಳಿದದ್ದನ್ನ ಮತ್ತೆ ಹೊರಗೆ ತೆಗೀಬೇಕು. ವಾರಾಂತ್ಯಕ್ಕೆ ಊರಿಗೆ ಹೋದ್ರೆ ಇದನ್ನೆಲ್ಲ ಮಾಡೋರು ಯಾರು?

ನಾನು ಬಿ.ಕಾಂ. ಓದಿದವನು, ಲೆಕ್ಕ ಹಾಕದೆ ಮನಸ್ಸು ಕೇಳಲ್ಲ. ನಾವೆಲ್ಲ ಮೀನಿನ ಬೆಲೆ ಕೇಳ್ತೀವಿ, ಅದನ್ನ ನಡೆಸೋ ಖರ್ಚು ಕೇಳೋದೇ ಇಲ್ಲ. ಒಂದು ಜೋಡಿಗೆ ಸುಮಾರು 110 ಲೀಟರ್ ಟ್ಯಾಂಕ್ ಬೇಕು. ಅದರ ಎತ್ತರ ಕುದುರೆಯ ಉದ್ದದ ಮೂರು ಪಟ್ಟಾದ್ರೂ ಇರಬೇಕು. ಹೆಣ್ಣು ತನ್ನ ಮೊಟ್ಟೆಗಳನ್ನ ಗಂಡಿನ ಚೀಲಕ್ಕೆ ಹಾಕುವಾಗ ಎರಡೂ ಜೊತೆಯಾಗಿ ನೀರಲ್ಲಿ ಮೇಲಕ್ಕೇರುತ್ತವೆ, ಅದಕ್ಕೆ ಜಾಗ ಸಾಲಬೇಕಲ್ಲ. ಉಪ್ಪುನೀರನ್ನ ನಾವೇ ತಯಾರಿಸಬೇಕು. ನೀರು ಸುಮಾರು 20ರಿಂದ 23 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೇದು, ಬಿಸಿಯಾದಷ್ಟೂ ರೋಗ ತರೋ ಬ್ಯಾಕ್ಟೀರಿಯಾ ಜಾಸ್ತಿ. ಡಲ್ಲಾಸ್ ಬೇಸಿಗೆಯಲ್ಲಿ ಚಿಲ್ಲರ್ ಇಲ್ಲದೆ ಇದು ಕಷ್ಟ. ಕರೆಂಟ್ ಬಿಲ್ಲನ್ನೂ ಲೆಕ್ಕಕ್ಕೆ ಹಿಡೀರಿ.

ಜೊತೆಗೆ ಬೇರೆ ಚಂದದ ಮೀನು ಬಿಡೋಣ ಅಂದ್ರೆ ಅದೂ ಆಗಲ್ಲ. ಕುದುರೆ ಈಜೋದ್ರಲ್ಲಿ ತುಂಬಾ ನಿಧಾನ. ಚುರುಕು ಮೀನುಗಳು ಊಟ ಮುಗಿಸಿಬಿಟ್ಟಿರುತ್ತವೆ, ಇದು ಬಾಲದಲ್ಲಿ ಗಿಡ ಹಿಡ್ಕೊಂಡು ನೋಡ್ತಾ ಇರುತ್ತೆ. ಕುಟುಕೋ ಹವಳ ಇದ್ದರೆ, ಬಾಲ ಸುತ್ತಿಕೊಂಡಲ್ಲೇ ಗಾಯ.

ಈಗ ಮೂರು ವಾರದ ವಿಷಯಕ್ಕೆ ಬರೋಣ. ಪಿಯುಸಿಯಲ್ಲಿದ್ದಾಗ ನಾನು ಎರಡು ಗೋಲ್ಡ್ ಫಿಶ್ ತಂದು ಗಾಜಿನ ಬಟ್ಟಲಲ್ಲಿ ಬಿಟ್ಟಿದ್ದೆ. ವಾರದೊಳಗೆ ಎರಡೂ ತೇಲ್ತಾ ಇದ್ವು. ಅಂಗಡಿಯವನು ರೋಗದ ಮೀನು ಕೊಟ್ಟ ಅಂತ ಬೈಕೊಂಡು ತಿರುಗಾಡಿದೆ. ಕೊಂದಿದ್ದು ನಾನೇ ಅಂತ ಗೊತ್ತಾಗೋಕೆ ವರ್ಷಗಳೇ ಬೇಕಾದ್ವು. ಮೀನಿನ ಹೊಲಸಿನಿಂದ ನೀರಲ್ಲಿ ಅಮೋನಿಯಾ ಸೇರುತ್ತೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನ ಕಡಿಮೆ ಅಪಾಯದ ನೈಟ್ರೇಟ್ ಮಾಡುತ್ತೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಂದ್ರೆ ಅಕ್ಕ, ಇವತ್ತೇ ಟ್ಯಾಂಕ್ ತಂದ್ರೂ ಹುಟ್ಟುಹಬ್ಬದ ದಿನ ಆ ನೀರು ತಯಾರಿರಲ್ಲ.

ಭಾರತದಲ್ಲಿ ಕೇಳ್ತಿರೋರಿಗೆ ಒಂದು ಮಾತು. ಇಲ್ಲಿ ಇದು ಸುಲಭವಾ ಕಷ್ಟವಾ ಅನ್ನೋ ಪ್ರಶ್ನೆಯೇ ಬರಲ್ಲ. 2001ರಿಂದ ಸಮುದ್ರ ಕುದುರೆಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹಿಡಿಯೋದು, ಮಾರೋದು ಅಪರಾಧ. ಯಾರಾದ್ರೂ ಗುಟ್ಟಾಗಿ ಕೊಡ್ತೀನಿ ಅಂದ್ರೆ ಅದು ಕಡಲಿಂದ ಕದ್ದ ಜೀವ ಅಂತಲೇ ತಿಳ್ಕೊಳ್ಳಿ. ಮೊದಲೇ ಇವು ಮೀನಿನ ಬಲೆಗೆ ಸುಮ್ಮನೆ ಸಿಕ್ಕಿ ಸಾಯ್ತಿವೆ. 21 ದೇಶಗಳ ಮಾಹಿತಿ ಸೇರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು ವರ್ಷಕ್ಕೆ ಸುಮಾರು 3.7 ಕೋಟಿ. ತಮಿಳುನಾಡಿನ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿಯ ಬಲೆಗಳಲ್ಲೂ ಇವು ಸಿಗುತ್ತವೆ.

ಅಮೆರಿಕದಲ್ಲಿ ಸಾಕಣೆ ಕೇಂದ್ರದಲ್ಲೇ ಹುಟ್ಟಿದ ಕುದುರೆಗಳು ಸಿಗುತ್ತವೆ. ಅವಕ್ಕೆ ಫ್ರೀಜರ್ ಸೀಗಡಿ ತಿನ್ನೋದು ಅಭ್ಯಾಸ ಆಗಿರುತ್ತೆ. ಕಡಲಲ್ಲಿ ಹಿಡಿದವು ಹಲವು ಸಲ ಜೀವಂತ ಆಹಾರ ಬಿಟ್ಟು ಬೇರೆ ಮುಟ್ಟಲ್ಲ, ಹಸಿವಿನಿಂದಲೇ ಸಾಯ್ತವೆ. ಮುಂದೆ ಯಾವತ್ತಾದ್ರೂ ತಂದ್ರೆ ಸಾಕಣೆಯದ್ದೇ ತನ್ನಿ.

ಹಾಗಾದ್ರೆ ಹುಟ್ಟುಹಬ್ಬಕ್ಕೆ ಏನು? ನಾನಾಗಿದ್ರೆ ಖಾಲಿ ಟ್ಯಾಂಕ್ ಕೊಡ್ತಿದ್ದೆ. ಸಿಹಿನೀರಿನದ್ದು, ಜೊತೆಗೊಂದು ನೀರು ಪರೀಕ್ಷೆ ಕಿಟ್, ಒಂದು ನೋಟ್‌ಬುಕ್. ಟ್ಯಾಂಕಿಗೆ ದಿನಾ ಚಿಟಿಕೆ ಮೀನಿನ ಆಹಾರ ಹಾಕಿ, ಅಮೋನಿಯಾ ಎಷ್ಟು, ನೈಟ್ರೈಟ್ ಎಷ್ಟು ಅಂತ ಮಗಳೇ ಬರೆದಿಡಲಿ. ಎರಡೂ ಏರಿ, ಇಳಿದು, ಸೊನ್ನೆಗೆ ಬಂದು ನಿಂತ ಮೇಲೆ ನೀರು ಸ್ವಲ್ಪ ಬದಲಿಸಿ, ನಾಲ್ಕು ಗಪ್ಪಿ ಮೀನು ತನ್ನಿ. ಅವನ್ನ ಒಂದು ವರ್ಷ ಚೆನ್ನಾಗಿ ನೋಡ್ಕೊಂಡ್ರೆ ಉಪ್ಪುನೀರಿನ ಮಾತಾಡೋಣ.

ಅಳ್ತಾಳೆ ಅಂತ ಹೆದರಬೇಡಿ ಅಕ್ಕ. ಇಷ್ಟಪಟ್ಟು ತಂದ ಮೀನು ವಾರದಲ್ಲಿ ಸತ್ತಾಗ ಅಳೋದು ಇದಕ್ಕಿಂತ ಜಾಸ್ತಿ. ನಾನು ಅತ್ತಿದ್ದೀನಿ. ಅವಳ ನೋಟ್‌ಬುಕ್ಕಿನ ಮೊದಲ ಪುಟದ ಫೋಟೋ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದ್ತೀನಿ.