ಮನೆ ತೆರಿಗೆ, ಹಳೆಯ ಸಂದೂಕ ಮತ್ತು ಇತರರ ಹಕ್ಕು



ನಮಗೆ ಮೂರು ಹೊಸ ವರ್ಷಗಳಿವೆ. ಮುಹರ್ರಮ್‌ಗೆ ಹಿಜರಿ ವರ್ಷ, ಜನವರಿಗೆ ಕ್ಯಾಲೆಂಡರ್ ವರ್ಷ, ಏಪ್ರಿಲ್ 1ಕ್ಕೆ ತೆರಿಗೆಯ ವರ್ಷ. ಮೊದಲೆರಡಕ್ಕೆ ಮೊಬೈಲಿನಲ್ಲಿ ಶುಭಾಶಯ ಬರುತ್ತದೆ. ಮೂರನೆಯದು ಸದ್ದಿಲ್ಲದೆ ಬಂದು ಹೋಗುತ್ತದೆ. ಕಳೆದ ಜುಮಾದಲ್ಲಿ ಇದರ ಬಗ್ಗೆ ಮಾತಾಡಿದಾಗ ಕೆಲವರು, "ಬರೆದು ಕೊಡಿ ಹಜ್ರತ್, ಮನೆಯಲ್ಲಿ ಓದಿ ಹೇಳುತ್ತೇವೆ" ಎಂದರು. ಅದಕ್ಕಾಗಿ ಈ ಬರಹ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಅಬ್ಬಾ ತೀರಿಕೊಂಡ ಮೇಲೆ ಅವರ ಕಬ್ಬಿಣದ ಸಂದೂಕವನ್ನು ನಾವು ಬಹಳ ಕಾಲ ತೆರೆಯಲಿಲ್ಲ. ತೆರೆದಾಗ ಮೇಲೆ ಹಳೆಯ ಮದುವೆ ಕಾರ್ಡುಗಳು, ಕರೆಂಟ್ ಬಿಲ್ಲುಗಳು. ಕೆಳಗೆ ಒಂದು ದಾರದಲ್ಲಿ ಪೋಣಿಸಿದ ತೆರಿಗೆ ರಸೀದಿಗಳು. ಅಬ್ಬಾ ಒಂದು ವರ್ಷವನ್ನೂ ತಪ್ಪಿಸಿರಲಿಲ್ಲ. ಅವರ ನಂತರದ ಮೂರು ವರ್ಷದ ರಸೀದಿ ಮಾತ್ರ ಇಲ್ಲ. ಅಣ್ಣ ಕಟ್ಟಿದ್ದಾನೆ ಎಂದು ನಾನು, ನಾನು ಕಟ್ಟಿದ್ದೇನೆ ಎಂದು ಅಣ್ಣ. ದಂಡವನ್ನೂ ಬಡ್ಡಿಯನ್ನೂ ಸೇರಿಸಿ ಕಟ್ಟಬೇಕಾಯಿತು. ಬಡ್ಡಿಯಿಂದ ದೂರವಿರಿ ಎಂದು ಮಿಂಬರ್ ಮೇಲೆ ನಿಂತು ಹೇಳುವವನು ತನ್ನ ಸೋಮಾರಿತನಕ್ಕೆ ಬಡ್ಡಿ ಕಟ್ಟಿದ!

ಆ ದಿನ ನನಗೆ ತಿಳಿದದ್ದು ಇಷ್ಟು. ಮನೆಯೊಳಗೆ ಉಳಿದುಕೊಂಡಿರುವ ಇತರರ ಹಕ್ಕು ಅವರವರಿಗೆ ಸೇರಿದಾಗಲೇ ಮನೆ ಶುಚಿಯಾಗುತ್ತದೆ. ಅದು ನಗರದ ತೆರಿಗೆಯಾಗಬಹುದು, ತಂಗಿಯ ಪಾಲಾಗಬಹುದು, ಪಕ್ಕದ ಮನೆಯ ದೇಗ್ಚಿಯಾಗಬಹುದು.

ನಮೂನೆ ತುಂಬುವುದು ಸಾಕ್ಷಿ ಹೇಳಿದಂತೆ

ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯನ್ನು ಮನೆಯವರೇ ಲೆಕ್ಕ ಹಾಕಿ ಘೋಷಿಸುತ್ತಾರೆ. 2008-09ರಿಂದ ಯೂನಿಟ್ ಏರಿಯಾ ವ್ಯಾಲ್ಯೂ ಪದ್ಧತಿ ನಡೆದುಬಂದಿದೆ. ನಗರವನ್ನು ಎ ಇಂದ ಎಫ್ ವರೆಗೆ ಆರು ವಲಯಗಳಾಗಿ ಮಾಡಲಾಗಿದೆ. ಕಟ್ಟಡದ ಚದರ ಅಡಿ, ಎಷ್ಟು ಹಳೆಯದು, ವಾಸಕ್ಕೋ ಅಂಗಡಿಗೋ, ಸ್ವಂತ ವಾಸವೋ ಬಾಡಿಗೆಯೋ ಎಂಬುದನ್ನು ನಾವು ಹೇಳುತ್ತೇವೆ. ಅದರ ಮೇಲೆ ತೆರಿಗೆ ನಿಗದಿಯಾಗುತ್ತದೆ. ಸ್ವಂತ ವಾಸಕ್ಕೆ ದರ ಕಡಿಮೆ, ಬಾಡಿಗೆ ಮನೆಗೆ ಹೆಚ್ಚು, ಅಂಗಡಿಗೆ ಇನ್ನೂ ಹೆಚ್ಚು.

ನಮ್ಮ ಬಿನ್ನಿಪೇಟೆಯ ಸ್ಥಿತಿ ನಿಮಗೆ ಗೊತ್ತು. ಬಿನ್ನಿ ಮಿಲ್ ನಡೆಯುತ್ತಿದ್ದ ಕಾಲದ ಚಿಕ್ಕ ಚಿಕ್ಕ ಮನೆಗಳ ಮೇಲೆ ಒಂದೊಂದೇ ಮಹಡಿ ಏರಿದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು, ಮುಂದೆ ಒಂದು ಶಟರ್ ಅಂಗಡಿ. ಆದರೆ ನಮೂನೆಯಲ್ಲಿ ಮಾತ್ರ ಇಪ್ಪತ್ತು ವರ್ಷದ ಹಿಂದಿನ ಒಂದಂತಸ್ತಿನ ಮನೆ! ಏನೂ ಬದಲಾಗದಿದ್ದರೆ ನಮೂನೆ 4; ಅಳತೆ, ಬಳಕೆ ಅಥವಾ ವಾಸದ ರೀತಿ ಬದಲಾಗಿದ್ದರೆ ನಮೂನೆ 5. ನಾವು ಕಣ್ಣು ಮುಚ್ಚಿ 4ನ್ನೇ ಒತ್ತುತ್ತೇವೆ. ಸೈಬರ್ ಅಂಗಡಿಯ ಹುಡುಗ ಒತ್ತಿದರೂ ಘೋಷಣೆ ನಮ್ಮದೇ. ಸುಳ್ಳು ಸಾಕ್ಷಿ ನ್ಯಾಯಾಲಯದ ಕಟಕಟೆಯಲ್ಲಿ ಮಾತ್ರ ಪಾಪವಲ್ಲ. ಕಂಪ್ಯೂಟರಿನ ಮುಂದೆ ಹೇಳಿದರೂ ಅದು ಸುಳ್ಳು ಸಾಕ್ಷಿಯೇ. "ಆ ಹಣ ಯಾರ ಜೇಬಿಗೋ ಹೋಗುತ್ತದೆ, ರಸ್ತೆ ಎಲ್ಲಿ ಸರಿಯಾಗಿದೆ" ಎನ್ನುವವರಿದ್ದಾರೆ. ರಸ್ತೆಯ ಬಗ್ಗೆ ಕೇಳುವ ಹಕ್ಕು ನಮಗಿದೆ, ಕೇಳೋಣ. ಅವರ ತಪ್ಪಿಗೆ ಅವರು ಉತ್ತರ ಕೊಡುತ್ತಾರೆ, ನಮ್ಮ ಘೋಷಣೆಗೆ ನಾವು ಕೊಡಬೇಕು.

ಇಡೀ ವರ್ಷದ ತೆರಿಗೆಯನ್ನು ಏಪ್ರಿಲ್ 30ರೊಳಗೆ ಒಟ್ಟಿಗೆ ಕಟ್ಟಿದವರಿಗೆ ಶೇಕಡಾ 5 ರಿಯಾಯಿತಿ ಕೊಡುವ ಪದ್ಧತಿ ಇದೆ. ಒಟ್ಟಿಗೆ ಆಗದವರು ಎರಡು ಕಂತಿನಲ್ಲಿ ಕಟ್ಟಬಹುದು, ಆಗ ರಿಯಾಯಿತಿ ಇಲ್ಲ. 2025ರ ಏಪ್ರಿಲ್‌ನಿಂದ ಕಸದ ಶುಲ್ಕವೂ ಇದರ ಜೊತೆ ಸೇರಿದೆ. 600 ಚದರ ಅಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, ದೊಡ್ಡ ಮನೆಗೆ ಹಂತಹಂತವಾಗಿ ಹೆಚ್ಚು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರಪಾಲಿಕೆಗಳಾದವು. ಹೆಸರು ಬದಲಾಗಿದೆ, ಹಳೆಯ ಬಾಕಿ ಹಾಗೇ ಇದೆ.

ಖಾತೆ ಯಾರ ಹೆಸರಿನಲ್ಲಿದೆ?

ರಸೀದಿ ತೆಗೆದು ಹೆಸರು ನೋಡಿ. ಬಹಳ ಮನೆಗಳಲ್ಲಿ ತೀರಿಹೋದ ತಂದೆಯದೋ ತಾತನದೋ ಹೆಸರು ಇನ್ನೂ ಇರುತ್ತದೆ. ಖಾತೆ ಎಂದರೆ ಒಡೆತನದ ಪತ್ರವಲ್ಲ, ತೆರಿಗೆ ಯಾರಿಂದ ಬರಬೇಕು ಎಂಬ ಲೆಕ್ಕ. ಹಾಗಾಗಿ ಖಾತೆ ತನ್ನ ಹೆಸರಿಗೆ ಬಂದ ಮಾತ್ರಕ್ಕೆ ಮನೆಯೆಲ್ಲಾ ತನ್ನದು ಎಂದು ದೊಡ್ಡ ಮಗ ತಿಳಿಯಬಾರದು.

ಪಾಲು ಅಲ್ಲಾಹನು ಸೂರಾ ಅನ್ನಿಸಾದಲ್ಲಿ ಗೊತ್ತುಪಡಿಸಿದ್ದಾನೆ. ಮೊದಲು ತೀರಿಹೋದವರ ದಫನ್ ಖರ್ಚು ಮತ್ತು ಸಾಲ ಕಳೆಯಬೇಕು. ಅವರ ಕಾಲದ ತೆರಿಗೆ ಬಾಕಿಯೂ ಸಾಲವೇ. ವಸೀಯತ್ ಇದ್ದರೆ ಅದು ಆಮೇಲೆ. ಉಳಿದದ್ದು ವಾರಸುದಾರರಿಗೆ. ಒಂದು ಉದಾಹರಣೆ: ತಂದೆ ತೀರಿಕೊಂಡರು, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಮನೆಯನ್ನು 40 ಭಾಗ ಮಾಡಿದರೆ ತಾಯಿಗೆ 5, ಗಂಡುಮಕ್ಕಳಿಗೆ ತಲಾ 14, ಮಗಳಿಗೆ 7. ಮೇಲಿನ ಮಹಡಿಯಿಂದ ತಿಂಗಳಿಗೆ 20,000 ರೂಪಾಯಿ ಬಾಡಿಗೆ ಬಂದರೆ ಅದರಲ್ಲಿ 2,500 ಅಮ್ಮಿಯದು, 3,500 ಮದುವೆಯಾಗಿ ಹೋದ ತಂಗಿಯದು. ಹತ್ತು ವರ್ಷ ಅಣ್ಣಂದಿರೇ ಇಟ್ಟುಕೊಂಡರೆ ತಂಗಿಯ 4,20,000 ರೂಪಾಯಿ ಅವರ ಮೇಲೆ ಬಾಕಿ. ತೆರಿಗೆಯ ಬಾಕಿಗೆ ನೋಟಿಸ್ ಬರುತ್ತದೆ. ಈ ಬಾಕಿಗೆ ಬರುವುದಿಲ್ಲ; ಅದನ್ನು ಕೇಳುವ ದಿನ ಬೇರೆಯೇ ಇದೆ.

"ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎಂದು ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ಕಂಡಿದ್ದೇನೆ. ತವರಿನ ಬಾಗಿಲು ಮುಚ್ಚೀತು ಎಂಬ ಭಯದಿಂದ ಅವಳು ಹಾಕಿದ ಸಹಿ ಸಂತೋಷದ ಸಹಿಯಲ್ಲ. ಮೊದಲು ಅವಳ ಪಾಲು ಎಷ್ಟೆಂದು ಲೆಕ್ಕ ಹೇಳಿ. ಆಮೇಲೆ ಕೊಡುವುದು ಬಿಡುವುದು ಅವಳ ಇಷ್ಟ.

ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮೂಲ ಪತ್ರ, ಇತ್ತೀಚಿನ ತೆರಿಗೆ ರಸೀದಿ, ಎಲ್ಲ ವಾರಸುದಾರರ ಆಧಾರ್ ಜೋಡಿಸಿಟ್ಟು ಖಾತೆ ಬದಲಾವಣೆಗೆ ಅರ್ಜಿ ಹಾಕಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. 2024ರ ಅಕ್ಟೋಬರ್‌ನಿಂದ ನಗರದಲ್ಲಿ ಇ-ಖಾತೆ ಇಲ್ಲದೆ ಮನೆಯ ಮಾರಾಟ ನೋಂದಣಿ ಆಗುವುದಿಲ್ಲ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಹಣ ಬೇಕಾದಾಗ ಓಡಾಡುವ ಬದಲು ಈಗಲೇ ಮಾಡಿಸಿ.

ಸಂದೂಕದಿಂದ ಏನು ಹೊರಗೆ, ಏನು ಒಳಗೆ

ಒಂದು ಭಾನುವಾರ ಮನೆಯವರೆಲ್ಲ ಕೂತು ಕಾಗದಗಳನ್ನು ಮೂರು ರಾಶಿ ಮಾಡಿ.

ಮೊದಲನೆಯದು ಎಂದೂ ಎಸೆಯಬಾರದ್ದು: ಕ್ರಯಪತ್ರ, ಮೂಲ ಪತ್ರಗಳು, ಖಾತೆ, ಕಟ್ಟಡದ ನಕ್ಷೆ, ಋಣಭಾರ ಪತ್ರ, ಎಲ್ಲ ವರ್ಷದ ತೆರಿಗೆ ರಸೀದಿ, ಮರಣ ಪ್ರಮಾಣಪತ್ರ, ನಿಕಾಹ್‌ನಾಮೆ. ಇವುಗಳ ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿಡಿ. ಒಬ್ಬರು ಹೆಂಗಸರಾಗಿರಲಿ.

ಎರಡನೆಯದು ಬಿಸ್ಮಿಲ್ಲಾ ಅಥವಾ ಆಯತ್ ಮುದ್ರಿಸಿದ ಮದುವೆ ಕಾರ್ಡು, ಕ್ಯಾಲೆಂಡರ್, ಹಳೆಯ ಸಿಪಾರೆಗಳು. ಕಸದ ಗಾಡಿಗೆ ಹಾಕಬೇಡಿ, ಬೇರೆ ಚೀಲದಲ್ಲಿ ಮಸೀದಿಗೆ ತನ್ನಿ.

ಮೂರನೆಯದು ಉಳಿದ ಬಿಲ್ಲು, ರದ್ದಿ. ಇತ್ತೀಚಿನ ಕರೆಂಟ್ ಬಿಲ್ ಒಂದನ್ನು ಇಟ್ಟುಕೊಳ್ಳಿ. ಇ-ಖಾತೆಗೆ ಅದರ ಸಂಖ್ಯೆ ಬೇಕು. ಆಧಾರ್ ಜೆರಾಕ್ಸ್‌ಗಳನ್ನು ಹರಿದು ರದ್ದಿಗೆ ಹಾಕಿ.

ಇನ್ನು ಸಾಮಾನು. ಮುರಿದ ಕುಕ್ಕರ್, ಕಬ್ಬಿಣ, ಪ್ಲಾಸ್ಟಿಕ್ ಗುಜರಿಗೆ ಹೋಗಲಿ. ಜಾಲಿ ಮೊಹಲ್ಲಾ ನಮಗೇನು ದೂರವಲ್ಲ. ರಾತ್ರಿ ಹೊತ್ತು ಚರಂಡಿ ಪಕ್ಕ ಹಾಸಿಗೆ ಎಸೆದು ಬಂದರೆ ಮಳೆಗಾಲದಲ್ಲಿ ಅದು ಇನ್ನೊಬ್ಬರ ಮನೆಗೆ ನೀರು ನುಗ್ಗಿಸುತ್ತದೆ. ಬಟ್ಟೆ ಕೊಡುವವರು ಒಗೆದು, ಗುಂಡಿ ಹಾಕಿ ಕೊಡಿ. ನಮ್ಮ ಮಗನಿಗೆ ಹಾಕಿ ಬೀದಿಗೆ ಕಳಿಸಲಾಗದ ಅಂಗಿ ಸದಕಾ ಅಲ್ಲ, ಕಸ.

ಒಂದು ಎಚ್ಚರಿಕೆ. ತೀರಿಹೋದ ಅಮ್ಮಿಯ ಹೊಲಿಗೆ ಯಂತ್ರ, ಅಬ್ಬಾರ ಗಡಿಯಾರ, ಸೈಕಲ್ ಕೂಡ ವಾರಸುದಾರರೆಲ್ಲರ ಸ್ವತ್ತು. ಪುಣ್ಯಕ್ಕೆಂದು ಕೊಡುವುದಾದರೂ ಎಲ್ಲರನ್ನೂ ಕೇಳಿಯೇ ಕೊಡಿ.

ನಮ್ಮ ಮನೆಯಲ್ಲಿ ಸಂದೂಕ ಖಾಲಿ ಮಾಡಿದ ವಾರವೇ ನಾವಿಬ್ಬರೂ ತಂಗಿಯ ಮನೆಗೆ ಹೋಗಿ ಬಾಡಿಗೆಯ ಲೆಕ್ಕದ ಚೀಟಿ ಕೊಟ್ಟೆವು. ಅವಳು ಅದನ್ನು ಓದಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಭಾಯಿ, ನೀವಾಗಿ ತರುತ್ತೀರೆಂದು ನಾನು ಅಂದುಕೊಂಡಿರಲಿಲ್ಲ" ಎಂದಳು. ನನಗೆ ತಲೆ ಎತ್ತಲಾಗಲಿಲ್ಲ.

ಈ ಏಪ್ರಿಲ್ ಮುಗಿಯುವ ಮೊದಲು ನಮ್ಮ ಮನೆಗಳಲ್ಲಿರುವ ಇತರರ ಹಕ್ಕನ್ನು ಗುರುತಿಸಿ ಹಿಂದಿರುಗಿಸುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕೊಡಲಿ. ಆಮೀನ್.