ಡೇರಿಯ ಪೈಪಿನೊಳಗೆ

ಹಾಲಿನ ಡೇರಿಗೆ ಹೋದವರಿಗೆ ಹಾಲು ಕಾಣಿಸುವುದೇ ಅಪರೂಪ. ಟ್ಯಾಂಕರ್‌ನಿಂದ ಇಳಿದಾಗಿನಿಂದ ಪ್ಯಾಕೆಟ್ಟು ಸೇರುವವರೆಗೆ ಅದರ ಓಡಾಟವೆಲ್ಲ ಸ್ಟೇನ್‌ಲೆಸ್ ಸ್ಟೀಲ್ ಪೈಪುಗಳ ಒಳಗೆ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯುತ್ತದೆ, ಮತ್ತೆ 4 ಡಿಗ್ರಿಗೆ ತಣಿಯುತ್ತದೆ. ಹಾಲಿನ ಸರದಿ ಮುಗಿದ ಮೇಲೆ ಅದೇ ಪೈಪುಗಳಲ್ಲಿ ಬಿಸಿಬಿಸಿ ಕಾಸ್ಟಿಕ್ ಸೋಡಾ ನೀರು ಹರಿದು ಜಿಡ್ಡನ್ನೂ ಪ್ರೋಟೀನನ್ನೂ ಕಿತ್ತುಹಾಕುತ್ತದೆ. ಅದರ ಹಿಂದೆಯೇ ತೆಳು ನೈಟ್ರಿಕ್ ಆಮ್ಲ ಬಂದು, ಒಳಗೋಡೆಗೆ ಕಚ್ಚಿದ ಸುಣ್ಣದಂಶವನ್ನು ಕರಗಿಸುತ್ತದೆ. ಪೈಪು ಬಿಚ್ಚದೆ ನಡೆಯುವ ಈ ತೊಳೆತಕ್ಕೆ ಡೇರಿಯವರು ಸಿಐಪಿ ಎನ್ನುತ್ತಾರೆ.

ಈ ಕೆಲಸಕ್ಕೆ ಬೇರೆ ಲೋಹ ಹುಡುಕಿ ನೋಡಿ. ಮಾಮೂಲಿ ಕಬ್ಬಿಣವನ್ನು ಆಮ್ಲ ತಿಂದುಹಾಕುತ್ತದೆ. ಅಲ್ಯೂಮಿನಿಯಂ ಕಾಸ್ಟಿಕ್‌ಗೆ ಕರಗುತ್ತದೆ. ತಾಮ್ರ ಹಾಲಿನ ಕೊಬ್ಬನ್ನು ಬೇಗ ಕೆಡಿಸಿ ಕಮಟು ವಾಸನೆ ಬರಿಸುತ್ತದೆ. ಕೊನೆಗೆ ಉಳಿಯುವುದು ಸ್ಟೇನ್‌ಲೆಸ್ ಸ್ಟೀಲ್.

ಅದರ ಗುಟ್ಟಿರುವುದು ಕ್ರೋಮಿಯಂನಲ್ಲಿ. ಉಕ್ಕಿಗೆ ಕನಿಷ್ಠ 10.5% ಕ್ರೋಮಿಯಂ ಬೆರೆತರೆ, ಗಾಳಿಯ ಆಮ್ಲಜನಕ ತಾಗಿ ಅದರ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಹುಟ್ಟುತ್ತದೆ. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ತುಕ್ಕು ತಡೆಯುವುದು ಇಷ್ಟು ತೆಳುವಾದ ಈ ಪೊರೆಯೇ. ಗೀರಿದರೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ನೈಟ್ರಿಕ್ ಆಮ್ಲದಲ್ಲಿ ತೊಳೆದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಡೇರಿಯಲ್ಲಿ ಹೆಚ್ಚು ಬಳಕೆಯಲ್ಲಿರುವ 304 ದರ್ಜೆಯಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುತ್ತದೆ. ಕ್ರೋಮಿಯಂನ ಅದಿರು ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯಲ್ಲೂ ಇದೆ, ಆದರೆ ದೇಶಕ್ಕೆ ಬಹುಪಾಲು ಸಿಗುವುದು ಒಡಿಶಾದ ಸುಕಿಂದಾ ಕಣಿವೆಯಿಂದ.

ಈ ಪೊರೆಗೆ ದೊಡ್ಡ ಶತ್ರು ಉಪ್ಪಿನಲ್ಲಿರುವ ಕ್ಲೋರೈಡ್. ಅದು ಪೊರೆಯನ್ನು ಒಂದೊಂದೇ ಚುಕ್ಕೆಯಲ್ಲಿ ಭೇದಿಸುತ್ತದೆ. ಮೇಲೆ ಸೂಜಿಮೊನೆಯಷ್ಟು ತೂತು, ಒಳಗೆ ಮಾತ್ರ ಪೊಳ್ಳು ದೊಡ್ಡದಾಗುತ್ತಾ ಹೋಗುತ್ತದೆ. ಉಳಿದ ಪೈಪೆಲ್ಲ ಹೊಸದರಂತೆ ಹೊಳೆಯುತ್ತಿರುತ್ತದೆ. ತಣ್ಣನೆಯ ನೀರಿಗೆ 304 ಬಳಸುವಾಗ ಕ್ಲೋರೈಡ್ ಲೀಟರಿಗೆ ಸುಮಾರು 200 ಮಿಲಿಗ್ರಾಂ ದಾಟಬಾರದೆಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ನೀರು ಬಿಸಿಯಾದಷ್ಟೂ ಈ ಮಿತಿ ಇಳಿಯುತ್ತದೆ. ನಮ್ಮ ಕುಡಿಯುವ ನೀರಿನ ಭಾರತೀಯ ಮಾನಕ 250 ಮಿಲಿಗ್ರಾಂವರೆಗೆ ಒಪ್ಪುತ್ತದೆ, ಬೇರೆ ನೀರೇ ಇಲ್ಲದ ಕಡೆ 1000ದವರೆಗೂ ಬಿಡುತ್ತದೆ. ಅಂದರೆ ಮನುಷ್ಯ ಕುಡಿಯಬಹುದಾದ ಬೋರ್‌ವೆಲ್ ನೀರು ಈ ಪೈಪಿಗೆ ವಿಷವಾಗಬಹುದು! 316 ದರ್ಜೆಗೆ 2ರಿಂದ 3% ಮಾಲಿಬ್ಡಿನಂ ಸೇರಿಸುವುದು ಇದಕ್ಕೇ. ಬೆಲೆ ಏರುತ್ತದೆ ನಿಜ, ಆದರೆ ನೀರಿನ ಪರೀಕ್ಷೆಯ ವರದಿಯನ್ನೇ ನೋಡದೆ 304 ಸಾಕೆಂದು ತೀರ್ಮಾನಿಸುವುದು ಉಳಿತಾಯವಲ್ಲ.

ಇನ್ನೂ ನೋವಿನ ವಿಷಯವೆಂದರೆ, ಎಷ್ಟೋ ಪೈಪುಗಳು ಕೆಲಸಕ್ಕೆ ಇಳಿಯುವ ಮೊದಲೇ ಹಾಳಾಗುತ್ತವೆ. ಹೊಸ ಪೈಪು ಜೋಡಿಸಿದ ಮೇಲೆ ಸೋರಿಕೆ ನೋಡಲು ನೀರು ತುಂಬಿ ಒತ್ತಡ ಕೊಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಆ ನೀರನ್ನು ಪೂರ್ತಿ ಬಸಿದು ಒಣಗಿಸದಿದ್ದರೆ, ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಲೋಳೆ ಕಟ್ಟುತ್ತದೆ. ಲೋಳೆಯ ಅಡಿಗೆ ಆಮ್ಲಜನಕ ತಲುಪುವುದಿಲ್ಲ, ಪೊರೆ ಮತ್ತೆ ಕೂಡಿಕೊಳ್ಳುವುದಿಲ್ಲ. ಹೆಚ್ಚಾಗಿ ಬೆಸುಗೆಯ ಪಕ್ಕದಲ್ಲೇ ತೂತು ಬೀಳುತ್ತದೆ, ಅದೂ ಕೆಲವೇ ತಿಂಗಳಲ್ಲಿ.

ಬೆಸುಗೆಯ ಪಕ್ಕದಲ್ಲೇ ಯಾಕೆ? ಆರ್ಗಾನ್ ವೆಲ್ಡಿಂಗ್ ಮಾಡುವಾಗ ಹೊರಗಿನ ಸಂದಿಯನ್ನು ಟಾರ್ಚಿನಿಂದ ಬರುವ ಅನಿಲ ಕಾಯುತ್ತದೆ. ಪೈಪಿನ ಒಳಭಾಗಕ್ಕೂ ಆರ್ಗಾನ್ ತುಂಬಿ ಗಾಳಿಯನ್ನು ಹೊರಹಾಕಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ, ಸಿಲಿಂಡರಿಗೆ ದುಡ್ಡು ಬೇಕು, ಹಾಗಾಗಿ ಗುತ್ತಿಗೆದಾರರು ಕೈಬಿಡುವುದು ಇದನ್ನೇ. ಅಂಥ ಜೋಡಣೆಯನ್ನು ಕೊಯ್ದು ನೋಡಿದರೆ, ಹೊರಗೆ ಒಪ್ಪವಾದ ಬೆಸುಗೆಗೆರೆ. ಒಳಗೆ ಪಾತ್ರೆಯ ತಳದಲ್ಲಿ ಸೀದ ಬೆಲ್ಲದ ಪಾಕದಂಥ ಕರಿ, ಒರಟು ಹಕ್ಕಳೆ. ಅದರ ಎರಡೂ ಬದಿಗೆ ನೀಲಿ ಕಂದು ಪಟ್ಟಿ. ಮೇಲ್ಮೈಯ ಕ್ರೋಮಿಯಂ ಸುಟ್ಟ ಪದರಕ್ಕೆ ಹೋಗಿಬಿಟ್ಟಿರುವುದರಿಂದ ಅಡಿಯ ಲೋಹಕ್ಕೆ ಕಾವಲು ಕಡಿಮೆ. ಹಕ್ಕಳೆಯ ಸಂದಿಯಲ್ಲಿ ಹಾಲು ಸಿಕ್ಕಿಕೊಂಡರೆ ಕಾಸ್ಟಿಕ್ ತೊಳೆತವೂ ಅದನ್ನು ಪೂರ್ತಿ ತೆಗೆಯಲಾರದು. ಹಾಲು ಕೆಡಿಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಮನೆ.

ಉಕ್ಕಿನೊಳಗೂ ಒಂದು ಬದಲಾವಣೆ ನಡೆಯುತ್ತದೆ. ಬೆಸುಗೆಯ ಅಕ್ಕಪಕ್ಕದ ಲೋಹ 450ರಿಂದ 850 ಡಿಗ್ರಿ ಶಾಖದಲ್ಲಿ ಹೆಚ್ಚು ಹೊತ್ತು ಉಳಿದರೆ, ಇಂಗಾಲವು ಕ್ರೋಮಿಯಂ ಜೊತೆ ಸೇರಿ ಲೋಹದ ಹರಳುಗಳ ಅಂಚಿನಲ್ಲಿ ಕೂರುತ್ತದೆ, ಸುತ್ತಲೂ ಕ್ರೋಮಿಯಂ ಬರಿದಾಗುತ್ತದೆ. ಬೆಸೆಯುವ ಪೈಪಿಗೆ ಇಂಗಾಲ 0.03% ಮೀರದ 304ಎಲ್ ಆರಿಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಶಾಖಕ್ಕೆ ಈ ಉಕ್ಕು ಮಾಮೂಲಿ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. 10 ಮೀಟರ್ ಪೈಪು 60 ಡಿಗ್ರಿ ಬಿಸಿಯೇರಿದರೆ ಒಂದು ಸೆಂಟಿಮೀಟರ್ ಉದ್ದವಾಗುತ್ತದೆ. ಅದಕ್ಕೆ ಜಾಗ ಬಿಡದೆ ಬಿಗಿದರೆ ಲೋಹದಲ್ಲಿ ಒತ್ತಡ ತುಂಬಿಕೊಳ್ಳುತ್ತದೆ. ಅಂಥ ಬಿಸಿ ಪೈಪಿಗೆ ಸುತ್ತಿದ ಶಾಖನಿರೋಧಕ ಹೊದಿಕೆ ನೆನೆದು, ಅದರ ಕ್ಲೋರೈಡ್ ಲೋಹದ ಮೇಲೆ ಕೂತು, ಶಾಖ 60 ಡಿಗ್ರಿ ಆಸುಪಾಸು ದಾಟಿದಾಗ ಕೂದಲೆಳೆಯ ಬಿರುಕುಗಳು ಕವಲೊಡೆಯುತ್ತವೆ. ಇಲ್ಲಿ 316 ಕೂಡ ಸೋಲುತ್ತದೆ. ಅಂಥ ಜಾಗಕ್ಕೆ 22% ಕ್ರೋಮಿಯಂ ಇರುವ 2205 ಡ್ಯೂಪ್ಲೆಕ್ಸ್ ಉಕ್ಕು ಬಹಳ ಮೇಲು. ಅದರಲ್ಲಿ ದುಬಾರಿ ನಿಕ್ಕಲ್ ಸುಮಾರು 5% ಮಾತ್ರ. ಬಲ 304ರ ಸುಮಾರು ಎರಡರಷ್ಟು ಇರುವುದರಿಂದ ಒತ್ತಡ ಹೆಚ್ಚಿರುವ ಕಡೆ ಗೋಡೆ ತೆಳುವಾದರೂ ನಡೆಯುತ್ತದೆ. ಬೆಸುಗೆ ಮಾತ್ರ 304ಕ್ಕಿಂತಲೂ ಹೆಚ್ಚು ಹದ ಬಲ್ಲ ಕೈ ಕೇಳುತ್ತದೆ.